ನೊಣ ಹೊಡಿಯೂ ಹೊತ್ತು

ಮೊಬೈಲ್ ಬಂದ ಮ್ಯಾಲ ನಮ್ಮ ಅಂಗಡ್ಯಾಗ
ನೊಣ ಹೊಡಿಯೂದಽ ಧಂದೆ.
ಹುಬ್ಬಳ್ಳಿ ದಾಜಿಬಾನ ಪೇಟಿ, ಮೂರಡಿ ಅಗಲ, ಒಂದು ಗಾಜಿನ ಪೆಟಗಿ,
ಅದರಾಗ ಮಾರಾಟ ಆಗದ ಹನ್ನೊಂದು ಎಚ್‌ಎಂಟಿ,
ಹನ್ನೊಂದೂ ತೋರಸ್ತಾವ
ಹತ್ತು ಹೊಡದು ಹತ್ತು.

ಅಂಥಾದ್ರಾಗ ಬಂದ್ರು ಡೆಸ್ಮಂಡ್ ಸಾಹೇಬ್ರು,
ಮೂವತ್ನಾಲ್ಕು ವರ್ಷ ರೇಲ್ವೆ ಗಾರ್ಡು, ಈಗ ರಿಟಾಯರ್ಡ್.
ಕಿಸೇದಾಗಿನ ಗಡಿಯಾರ ತಗದು ಗಾಜಿನ ಮ್ಯಾಲಿಟ್ಟು,
ನನ್ನ ಚಿಮಟಿಗೆ, ಕಣ್ಣಿಗೆ ಸಿಗಿಸಿದ ಭೂತಗನ್ನಡಿ,
ಕೂದಲೆಳಿಯಂಥಾ ಸ್ಪ್ರಿಂಗ್ ಹಿಡದ ಬೆರಳು ನೋಡಿ
'ಪತ್ತಾರ, ನಿನಗ ನೊಣ ಕಟ್ಟಾಕ ಬರ್ತೈತೇನು?' ಅಂದ್ರು.
'ಹೊಡ್ಯಾಕ ಬರ್ತೈತ್ರಿ' ಅಂದೆ.

ಗಣೇಶಪೇಟಿ ಚಿಕನ್ ಅಂಗಡಿಯಿಂದ ಹುಂಜದ ಕುತ್ತಿಗಿ ಗರಿ,
ಚಂದ್ರಕಲಾನ ಕಸೂತಿ ಡಬ್ಬಿಯಿಂದ ಕರೀ ದಾರ
(ಕೇಳಿ ತಗೊಂಡಿಲ್ಲ),
ಅಕ್ಕಿಕಾಳಿನಷ್ಟು ಗಾಳ.
ಏಳು ಸುತ್ತು, ಒಂದು ಗಂಟು, ತುದಿಗೆ ಉಗುರುಬಣ್ಣ.
ಗ್ವಾಡಿ ಮ್ಯಾಲಿನ ಹಲ್ಲಿ ಅದನ್ನ ನೋಡಿ
ಅರ್ಧ ಫೂಟು ಇಳದು ಬಂತು.
'ಪಾಸ್' ಅಂದ್ರು ಸಾಹೇಬ್ರು.

ಕಟ್ಟೂದು ಬಂತು, ಒಗಿಯೂದು ಬರಲಿಲ್ಲ.
ರೇಲ್ವೆ ಮೈದಾನದಾಗ, ಹುಡುಗ್ರ ಕ್ರಿಕೆಟ್ಟಿನ ಬಾಜೂಕ,
ಗಾಳದ ಬದಲಿ ಕೆಂಪು ಉಣ್ಣಿ ಕಟ್ಟಿ
ನೀರಿಲ್ಲದ ಹುಲ್ಲಿನ ಮ್ಯಾಲ ಮೀನಿಲ್ಲದ ಪಾಠ.
'ದೊಡ್ಡದೊಂದು ಗಡಿಯಾರದಾಗ ನಿಂತೀದಿ ಅಂತ ತಿಳಿ.
ತಲಿ ಮ್ಯಾಲ ಹನ್ನೆರಡು. ಮುಂದ ಹತ್ತು, ಹಿಂದ ಎರಡು.
ಅದರಾಚಿ ಕೋಲು ಹೋಗಬಾರದು.'
ನಾ ನಕ್ಕೆ. ಹತ್ತಕ್ಕೊಂದು ಎರಡಕ್ಕೊಂದು ನಿಂತ ಮುಳ್ಳು
ನನ್ನ ಅರ್ಧ ಆಯುಷ್ಯ ನೋಡ್ಯಾವ.

ಆದ್ರೂ ದಾರ ಮಾತು ಕೇಳಲಿಲ್ಲ.
ಅದು ಹಿಂದ ಹಾರೂದರಾಗ ನಾ ಮುಂದ ಜಗ್ಗಿದೆ.
ಛಟ್! ಬಾರಕೋಲಿನಂಗ.
ಉಣ್ಣಿ ಹರದು ಹೋತು, ಹುಡುಗ್ರು ಚಪ್ಪಾಳಿ ಹೊಡದ್ರು.
ಕೊಳ್ಳಿಗೆ ಸುತ್ತಿತು, ಕಿವಿಗೆ ಸುತ್ತಿತು,
ಬೌಂಡ್ರಿಗೆ ನಿಂತವನ ಟೊಪಗಿ ಕಿತಗೊಂಡು ಬಂತು.

ಸಾಹೇಬ್ರು ಬೈಲಿಲ್ಲ. ಥರ್ಮಾಸಿನ ಚಾ ಸುರಕೋಂತ ಹೇಳಿದ್ರು:
'ಎಂಜಿನ್ ಹೊಂಟ್ರ ಗಾಡಿ ಹೊಂಟಂಗಲ್ಲ ಪತ್ತಾರ.
ಒಂದೊಂದಽ ಕೊಂಡಿ ಬಿಗೀತೈತಿ, ಖಡಲ್, ಖಡಲ್,
ಆ ಜಗ್ಗು ಕಡೀ ಡಬ್ಬಿ ಮುಟ್ಟಬೇಕು.
ನಾ ಕುಂದರತಿದ್ದದ್ದು ಕಡೀ ಡಬ್ಬ್ಯಾಗ.'

ಮರುದಿನ ಕಣ್ಣು ಮುಚ್ಚಿ ಒಗದೆ.
ದಾರ ಹಿಂದ ಹೋತು. ಕಾಯ್ದೆ.
ಕೈಗಡಿಯಾರದ ಐದು ಟಿಕ್.
ಐದನೇದಕ್ಕ ಅಂಗೈಯಾಗ
ಹಿಂದಿನಿಂದ ಯಾರೋ ಮೆಲ್ಲಕ ಹಿಡದಂಗಾತು.
ಬಂತು, ಕಡೀ ಡಬ್ಬಿ.

ಕಲಘಟಗಿ ಹಾದ್ಯಾಗ ಒಂದು ಕೆರಿ ಐತಿ.
ಯಾವುದಂತ ಹೇಳೂದಿಲ್ಲ, ಆಣಿ ಮಾಡೀನಿ.
ಮೊದಲನೇ ಐತವಾರ ಜಾಲಿಗಿಡ ಹಿಡದೆ,
ಎರಡನೇದು ಸಾಹೇಬ್ರ ಸ್ವೆಟರ್,
ಮೂರನೇದು ಏನೂ ಇಲ್ಲ, ಬರೇ ಬಿಸಿಲು.
ನಾಕನೇದಕ್ಕ ನೀರು ಒಂದು ಸಲ ತುಟಿ ತಗದು
ನನ್ನ ಕಸೂತಿ ನೊಣ ನುಂಗಿತು.

ಅಂಗೈಯಷ್ಟು ಮೀನು, ಜಿಲೇಬಿ ಅಂತಾರ.
ಕೈ ತೋಯಿಸಿಕೊಂಡು ಹಿಡದೆ.
ಅದರ ಕಿವಿರು ಮುಚ್ಚಿ ತಗದು ಮುಚ್ಚಿ ತಗದು,
ಕೆಟ್ಟಿಲ್ಲದ ಯಂತ್ರ.
ಅದಽ ಚಿಮಟಿಗೀಲೆ ಗಾಳ ಬಿಡಿಸಿದೆ,
ನೀರಾಗ ಸೆಟದು ಕುಂತು ಅಂಗೈ ತಗದೆ.
ಅದೂ ಒಂದೆರಡು ಟಿಕ್ ತಡದು, ಹೋತು.

'ಬಿಡೂದಾದ್ರ ಹಿಡಿಯೂದ್ಯಾಕ?' ಅಂದ್ಲು ಚಂದ್ರಕಲಾ.
'ಮನಿಗೆ ತಂದ್ರ ನೀ ಒಳಗ ಬಿಟಗೋತಿದ್ದೇನು?'
'ಅದಲ್ಲ ನಾ ಕೇಳಿದ್ದು.'
ಹೌದು, ಅದಲ್ಲ. ರೊಟ್ಟಿ ಮುರದೆ, ಸುಮ್ಮನಾದೆ.
'ನನ್ನ ಕರೀ ದಾರ ಎಲ್ಲಿ?' ಅಂದ್ಲು ಆಮ್ಯಾಲ.

ಸೋಮವಾರ ಅಂಗಡಿ. ಗಿರಾಕಿ ಇಲ್ಲ.
ಪೆಟಗಿ ಮ್ಯಾಲ ಒಂದು ಖರೇ ನೊಣ ಬಂದು ಕುಂತು
ಮುಂಗಾಲು ತಿಕ್ಕಾಕ ಹತ್ತಿತು.
ಮಡಚಿದ ಪೇಪರ್ ಎತ್ತಿದವ
ಹಂಗಽ ಹಿಡಕೊಂಡು ಭೂತಗನ್ನಡಿ ಸಿಗಿಸಿ ಬಾಗಿದೆ.

ರೆಕ್ಕಿ ಅಡ್ಡ ಅಲ್ಲ, ಹಿಂದಕ್ಕ ಓರಿ ಐತಿ.
ನಾ ಕಟ್ಟಿದ್ದು ತಪ್ಪು.